ಉಪವಾಸ ಎಣಿಸುವ ಆ್ಯಪ್, ಮೂರು ದಿನದ ಏಕಾದಶಿ: 14 ತಿಂಗಳ ಬಳಕೆಯ ನಂತರ

ಉಪವಾಸದ ಗಂಟೆಗಳನ್ನು ಎಣಿಸುವ ಆ್ಯಪ್ ಒಂದನ್ನು ನಾನು 14 ತಿಂಗಳಿಂದ ಬಳಸುತ್ತಿದ್ದೇನೆ. ಮೊದಲ ಎರಡು ತಿಂಗಳು ಉಚಿತ ಆವೃತ್ತಿಯಲ್ಲಿ ಕಳೆದು, ಆಮೇಲೆ 2,800 ರೂಪಾಯಿ ಕೊಟ್ಟು ಒಂದು ವರ್ಷದ ಚಂದಾ ಪಡೆದಿದ್ದೆ. ಆ ವರ್ಷ ಮೊನ್ನೆ ಮುಗಿಯಿತು. ಮತ್ತೆ ಹಣ ಕಟ್ಟಬೇಕೇ ಬೇಡವೇ ಎಂದು ತೀರ್ಮಾನಿಸುವ ಮೊದಲು ಅದರಿಂದ ನನಗೆ ಏನಾಯಿತು, ಏನಾಗಲಿಲ್ಲ ಎಂಬುದನ್ನು ಕೂತು ಬರೆದುಕೊಂಡೆ. ಆ ಟಿಪ್ಪಣಿಯನ್ನೇ ಇಲ್ಲಿ ವಿಸ್ತರಿಸಿದ್ದೇನೆ. ಆ್ಯಪ್‌ನ ಹೆಸರನ್ನು ಬರೆಯುತ್ತಿಲ್ಲ. ಹೋಲಿಸಿ ನೋಡಲೆಂದು ಇನ್ನೆರಡನ್ನು ಕೆಲವು ವಾರ ಬಳಸಿದ್ದೇನೆ. ಬಣ್ಣ ಬೇರೆ, ಬೆಲೆ ಬೇರೆ, ಒಳಗಿನ ಲೆಕ್ಕ ಮಾತ್ರ ಒಂದೇ. ಇಲ್ಲಿ ಹೇಳುವ ಗುಣದೋಷಗಳು ಆ ಮೂರಕ್ಕೂ ಅನ್ವಯಿಸುತ್ತವೆ.

ನನ್ನ ಹಿನ್ನೆಲೆ ಹೇಳದಿದ್ದರೆ ಈ ವಿಮರ್ಶೆಗೆ ಬೆಲೆಯಿಲ್ಲ. ನನಗೆ 44 ವರ್ಷ. ಮೈಸೂರಿನಲ್ಲಿ ಲೆಕ್ಕಪತ್ರ ವಿಭಾಗದ ಕೆಲಸ, ಮನೆಯಲ್ಲಿ ಓದುವ ಇಬ್ಬರು ಮಕ್ಕಳು, 74 ವರ್ಷದ ಅತ್ತೆ. ವಾರದಲ್ಲಿ ಮೂರು ದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುತ್ತೇನೆ, ಎರಡು ದಿನ ಸಂಜೆ ಜಿಮ್‌ನಲ್ಲಿ ಭಾರ ಎತ್ತುತ್ತೇನೆ. ಥೈರಾಯ್ಡ್‌ಗೆ ದಿನವೂ ಒಂದು ಮಾತ್ರೆ ಇದೆ. ಗಂಡನ ಮನೆಯಲ್ಲಿ ಏಕಾದಶಿ ಮಾಡುವ ಪದ್ಧತಿ ತಲೆತಲಾಂತರದಿಂದ ಬಂದದ್ದು. ನಾನು ಅದನ್ನು ಕೈಗೆತ್ತಿಕೊಂಡದ್ದು ನಾಲ್ಕು ವರ್ಷಗಳ ಹಿಂದೆ, ಯಾರ ಒತ್ತಾಯವೂ ಇಲ್ಲದೆ.

ಈ ಮನೆಯಲ್ಲಿ ಏಕಾದಶಿ ಎಂದರೆ ಮೂರು ದಿನದ ವ್ಯವಸ್ಥೆ. ದಶಮಿಯಂದು ಮಧ್ಯಾಹ್ನ ಒಪ್ಪೊತ್ತು ಊಟ, ರಾತ್ರಿ ಏನೂ ಇಲ್ಲ. ಏಕಾದಶಿಯ ಹಗಲು ರಾತ್ರಿ ನಿರಾಹಾರ. ದ್ವಾದಶಿಯಂದು ಪಂಚಾಂಗ ಹೇಳಿದ ಹೊತ್ತಿಗೆ ಪಾರಣೆ, ಎಂದರೆ ಉಪವಾಸ ಬಿಡುವ ಊಟ. ದಶಮಿಯ ಮಧ್ಯಾಹ್ನ ಒಂದೂವರೆಗೆ ಕೈ ತೊಳೆದರೆ ದ್ವಾದಶಿಯ ಬೆಳಗ್ಗೆ ಆರೂಮುಕ್ಕಾಲಿಗೆ ಮೊದಲ ತುತ್ತು, ಎಂದರೆ 41 ಗಂಟೆ 15 ನಿಮಿಷ. ವರ್ಷಕ್ಕೆ ಇಂಥವು 24, ಅಧಿಕ ಮಾಸ ಬಂದ ವರ್ಷ 26. ನಮ್ಮ ಅತ್ತೆ ಹಿಂದೆ ನೀರನ್ನೂ ಮುಟ್ಟದೆ ನಿರ್ಜಲವಾಗಿ ಮಾಡುತ್ತಿದ್ದರು, ತೀರ್ಥ ಮಾತ್ರ. ನಾನು ನೀರು ಕುಡಿಯುತ್ತೇನೆ. ಮಾತ್ರೆ ನುಂಗಲು ನೀರು ಬೇಕೇ ಬೇಕು ಎಂಬುದು ಒಂದು ಕಾರಣ. ಓಡುವವಳು ಒಂದೂವರೆ ದಿನ ನೀರಿಲ್ಲದೆ ಇರುವುದು ನನ್ನ ಮಟ್ಟಿಗೆ ಸರಿಯಲ್ಲ ಎಂಬುದು ಇನ್ನೊಂದು. ಇದನ್ನು ಆರಂಭಿಸುವ ಮುನ್ನ ನಮ್ಮ ವೈದ್ಯರ ಬಳಿ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡು, ಅವರು ಒಪ್ಪಿದ ಮೇಲೆಯೇ ಮುಂದುವರಿದೆ.

ಆ್ಯಪ್ ತಂದುಕೊಂಡದ್ದು ಭಕ್ತಿಗಾಗಿ ಅಲ್ಲ, ಲೆಕ್ಕಕ್ಕಾಗಿ. ಉಪವಾಸ ಮುಗಿದ ವಾರ ಓಟ ಕೆಲವೊಮ್ಮೆ ಹಗುರವಾಗಿ ಸಾಗುತ್ತಿತ್ತು, ಕೆಲವೊಮ್ಮೆ ಕಾಲಿಗೆ ಕಲ್ಲು ಕಟ್ಟಿದಂತೆ ಇರುತ್ತಿತ್ತು. ಏಕೆ ಎಂದು ತಿಳಿಯಬೇಕಾದರೆ ದಾಖಲೆ ಬೇಕಾಗಿತ್ತು. ದಾಖಲೆಯ ವಿಷಯದಲ್ಲಿ ಈ ಆ್ಯಪ್‌ಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಊಟ ಮುಗಿದೊಡನೆ ಒಂದು ಗುಂಡಿ ಒತ್ತಿದರೆ ಎಣಿಕೆ ಶುರುವಾಗುತ್ತದೆ. ಮರೆತಿದ್ದರೆ ಆರಂಭದ ಸಮಯವನ್ನು ಹಿಂದಕ್ಕೆ ತಿದ್ದಬಹುದು. ಗುರಿಯನ್ನು 16, 18, 24 ಗಂಟೆಗಳ ಸಿದ್ಧ ಪಟ್ಟಿಯಿಂದ ಆರಿಸಬಹುದು, ನನ್ನಂತೆ 41 ಎಂದು ಕೈಯಾರೆಯೂ ಬರೆಯಬಹುದು. ಕೈಗಡಿಯಾರದಿಂದ ನಾಡಿಬಡಿತ, ನಿದ್ದೆ, ಓಡಿದ ದೂರ ತಾವಾಗಿಯೇ ಬಂದು ಸೇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ದಾಖಲೆಯನ್ನೂ ಒಂದು ಕಡತವಾಗಿ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಗೆ ಹಾಕಿಕೊಳ್ಳಬಹುದು. ಲೆಕ್ಕದ ಕೆಲಸ ಮಾಡುವವಳಾದ ನನಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆ ಹಾಳೆಯ ಪ್ರಕಾರ ಈ ಅವಧಿಯ 28 ಏಕಾದಶಿಗಳಲ್ಲಿ 19ನ್ನು ಪೂರ್ತಿ ಮಾಡಿದ್ದೇನೆ, 5ನ್ನು ನಡುವೆ ಬಿಟ್ಟಿದ್ದೇನೆ, 4ರಲ್ಲಿ ಆರಂಭಿಸಲೇ ಇಲ್ಲ. ನೆನಪಿನ ಮೇಲೆ ಹೇಳಿದ್ದರೆ ಎರಡೋ ಮೂರೋ ಮಾತ್ರ ತಪ್ಪಿದೆ ಎಂದು ನಂಬಿಕೊಂಡೇ ಹೇಳುತ್ತಿದ್ದೆ.

ಇನ್ನು ಚಂದಾ ಕೊಟ್ಟವರಿಗೆ ಮಾತ್ರ ತೆರೆದುಕೊಳ್ಳುವ ಭಾಗಕ್ಕೆ ಬರುತ್ತೇನೆ. ಪರದೆಯ ಮೇಲೆ ಒಂದು ಬಣ್ಣದ ಉಂಗುರವಿದೆ. ಗಂಟೆ ಕಳೆದಂತೆ ಅದು ನೀಲಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ನೇರಳೆಗೆ ತಿರುಗುತ್ತ, ಈಗ ಸಕ್ಕರೆ ಇಳಿಯುತ್ತಿದೆ, ಈಗ ಕೊಬ್ಬು ಕರಗುತ್ತಿದೆ, ಈಗ ಆಟೋಫೇಜಿ ಶುರುವಾಯಿತು ಎಂದು ಹೇಳುತ್ತದೆ. ನೋಡಲು ಚೆನ್ನ. ಆದರೆ ಈ ಉಂಗುರಕ್ಕೆ ಗೊತ್ತಿರುವುದು ಗಡಿಯಾರ ಒಂದೇ. ನಮ್ಮ ಯಕೃತ್ತಿನಲ್ಲಿ ಸುಮಾರು 100 ಗ್ರಾಂನಷ್ಟು ಗ್ಲೈಕೋಜೆನ್, ಎಂದರೆ ದೇಹ ಕೂಡಿಟ್ಟ ಸಕ್ಕರೆ, ಶೇಖರವಾಗಿರುತ್ತದೆ. ಊಟವಿಲ್ಲದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಮೊದಲು ಅದೇ. ಅದು ಒಂದು ದಿನದ ಆಸುಪಾಸಿನಲ್ಲಿ ಬಹುಪಾಲು ಖರ್ಚಾಗುತ್ತದೆ. ಸ್ನಾಯುಗಳಲ್ಲಿ ಇದರ ಹಲವು ಪಟ್ಟು ಇರುತ್ತದಾದರೂ ಅದನ್ನು ಸ್ನಾಯು ತಾನೇ ಬಳಸಿಕೊಳ್ಳುತ್ತದೆಯೇ ಹೊರತು ರಕ್ತಕ್ಕೆ ಬಿಟ್ಟುಕೊಡುವುದಿಲ್ಲ. ದಶಮಿಯ ಸಂಜೆ ಹತ್ತು ಕಿಲೋಮೀಟರ್ ಓಡಿದವಳ ಶೇಖರಣೆಯೂ, ಸಂಜೆಯೆಲ್ಲ ಕುರ್ಚಿಯಲ್ಲಿ ಕೂತವಳ ಶೇಖರಣೆಯೂ ಒಂದೇ ಹೊತ್ತಿಗೆ ಬರಿದಾಗುವುದು ಸಾಧ್ಯವಿಲ್ಲ. ಓಟದ ದಾಖಲೆ ಅದೇ ಆ್ಯಪ್‌ನಲ್ಲಿ ಪಕ್ಕದಲ್ಲೇ ಇದ್ದರೂ ಉಂಗುರದ ಬಣ್ಣ ಒಂದು ನಿಮಿಷವೂ ಹಿಂದೆ ಮುಂದೆ ಆಗುವುದಿಲ್ಲ. ಹಣ ಕೊಟ್ಟು ಪಡೆದ ಸೌಲಭ್ಯದಲ್ಲಿ ನನಗೆ ಅತ್ಯಂತ ಬೇಸರ ತಂದದ್ದು ಇದೇ.

ಆಟೋಫೇಜಿಯ ಮಾತೂ ಹೀಗೆಯೇ. ಜೀವಕೋಶವು ತನ್ನೊಳಗಿನ ಹಳೆಯ ಭಾಗಗಳನ್ನು ಒಡೆದು ಮರುಬಳಸುವ ಈ ಕ್ರಿಯೆಯ ಬಗೆಗಿನ ಸಂಶೋಧನೆಗೆ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಮೂಲ ಕೆಲಸ ನಡೆದದ್ದು ಯೀಸ್ಟ್ ಕೋಶಗಳ ಮೇಲೆ. ಆ ಕ್ರಿಯೆ ನನ್ನ ದೇಹದಲ್ಲಿ ಇಂಥ ಗಂಟೆಗೆ ಆರಂಭವಾಯಿತು ಎಂದು ಮೊಬೈಲ್ ಪರದೆಯೊಂದು ಹೇಳಬೇಕಾದರೆ ಅದು ಏನನ್ನಾದರೂ ಅಳೆದಿರಬೇಕು; ಈ ಆ್ಯಪ್ ಅಳೆಯುವುದು ನಾನು ಗುಂಡಿ ಒತ್ತಿದ ಸಮಯವನ್ನು. ಉಪವಾಸದ ಬಗ್ಗೆ ಗೌರವ ಇರುವವಳಾದ್ದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಊಹೆಯನ್ನು ಅಳತೆಯಂತೆ ತೋರಿಸಿದಾಗ ಜನ ಆ ಬಣ್ಣಕ್ಕಾಗಿ ಇನ್ನೆರಡು ಗಂಟೆ ಎಳೆಯುತ್ತಾರೆ. ನಾನೂ ಎಳೆದಿದ್ದೇನೆ.

ಹಾಗೆ ಎಳೆದ ಒಂದು ದಿನದ ವಿಷಯವನ್ನು ವಿವರವಾಗಿ ಹೇಳಬೇಕು. ಚಂದಾ ಕಟ್ಟಿದ ಹೊಸತು. ಏಕಾದಶಿ ಶನಿವಾರ ಬಂದಿತ್ತು, ದ್ವಾದಶಿ ಭಾನುವಾರ. ಹಸಿದ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಆ್ಯಪ್‌ನಲ್ಲಿ ಒಂದು ಪದಕ ಸಿಗುತ್ತಿತ್ತು. ಪಾರಣೆಗೆ ಮುನ್ನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬರೋಣವೆಂದು ಬೆಳಗಿನ ಜಾವ ಹೊರಟೆ. ಮೆಟ್ಟಿಲು ಸಾವಿರಕ್ಕೂ ಮಿಕ್ಕಿ ಇವೆ, ನನಗೆ ಹೊಸದೇನಲ್ಲ. ದೊಡ್ಡ ನಂದಿಯ ತನಕ ಏನೂ ಅನ್ನಿಸಲಿಲ್ಲ; ನಾಡಿ ಮಾತ್ರ ಎಂದಿಗಿಂತ ಜೋರಾಗಿ ಹೊಡೆಯುತ್ತಿತ್ತು. ಅಲ್ಲಿ ಕಟ್ಟೆಯ ಮೇಲೆ ಐದು ನಿಮಿಷ ಕೂತು, ಎದ್ದೆ. ಎದ್ದ ಕ್ಷಣಕ್ಕೆ ಕಣ್ಣ ಮುಂದೆ ಅಂಚಿನಿಂದ ಕತ್ತಲು ಕವಿದು ಬಂತು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಅಂಗೈ ತಣ್ಣಗೆ ಬೆವರಿತು. ಕಟ್ಟೆಯನ್ನು ಹಿಡಿದು ಮತ್ತೆ ಕುಸಿದು ಕೂತೆ. ಮೇಲೆ ಹತ್ತುತ್ತಿದ್ದ ಹಿರಿಯರೊಬ್ಬರು ನಿಂತು, "ಕೂತ್ಕೊಂಡೇ ಇರಮ್ಮ, ಏಳಬೇಡ, ತಲೆ ತಗ್ಗಿಸು" ಎಂದು ಹೇಳಿ, ಚೀಲದಿಂದ ಒಂದು ಕಡಲೆ ಮಿಠಾಯಿ ತೆಗೆದು ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದಿರುವಾಗಲೇ ಜೇಬಿನಲ್ಲಿದ್ದ ಫೋನು ನಡುಗಿತು. ಗುರಿಗೆ ಇನ್ನು 20 ನಿಮಿಷ, ಬಿಟ್ಟುಕೊಡಬೇಡಿ ಎಂಬ ಅರ್ಥದ ಇಂಗ್ಲಿಷ್ ಸಂದೇಶ. ನಾನು ಮಿಠಾಯಿ ತಿಂದೆ. 40 ಗಂಟೆ 40 ನಿಮಿಷಕ್ಕೆ ಉಪವಾಸ ನಿಲ್ಲಿಸಿದ್ದೇನೆಂದು ದಾಖಲಿಸಿದಾಗ ಆ್ಯಪ್ ಆ ದಿನವನ್ನು ಬೂದು ಬಣ್ಣದಲ್ಲಿ, ಗುರಿ ತಲುಪದ ದಿನವೆಂದು ಗುರುತಿಸಿತು. ಏಳು ವಾರಗಳಿಂದ ಸಾಲಾಗಿ ಬಂದಿದ್ದ ಎಣಿಕೆ ಸೊನ್ನೆಗೆ ಇಳಿಯಿತು.

ಮನೆಗೆ ಬಂದು ಅತ್ತೆಯವರಿಗೆ ಅಳುಕುತ್ತಲೇ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೂರ್ಯೋದಯ ಆಗಿತ್ತೇನಮ್ಮ?" ಆಗಷ್ಟೇ ಆಗಿತ್ತು ಎಂದೆ. ಪಂಚಾಂಗ ತೆಗೆದು, ಕನ್ನಡಕ ಹಾಕಿಕೊಂಡು, ಆ ದಿನದ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. "ಹಾಗಾದರೆ ಪಾರಣೆ ಆಯಿತು ಬಿಡು. ಈಗ ಕೂತು ಊಟ ಮಾಡು, ಮಾತು ಆಮೇಲೆ" ಎಂದರು.

ಪಂಚಾಂಗದ ಆ ಸಾಲನ್ನು ನಾನು ಅಲ್ಲಿಯ ತನಕ ಗಮನವಿಟ್ಟು ಓದಿರಲಿಲ್ಲ. ದ್ವಾದಶಿ ತಿಥಿಯ ಮೊದಲ ಕಾಲು ಭಾಗ ಹರಿವಾಸರ, ಅದು ಕಳೆಯುವ ತನಕ ಪಾರಣೆ ಇಲ್ಲ. ತಿಥಿ ಬೇಗ ಮುಗಿಯುವ ದಿನ ಸಾಧನ ದ್ವಾದಶಿ, ಅಂದು ಹೊತ್ತು ಮೀರದಂತೆ ಬೇಗನೆ ಪಾರಣೆ ಮುಗಿಸಬೇಕು. ಉಪವಾಸ ಎಷ್ಟು ಹೊತ್ತು ಮಾಡಿದೆ ಎಂಬುದರಷ್ಟೇ ಗಂಭೀರವಾಗಿ ಅದನ್ನು ಯಾವಾಗ ಬಿಡಬೇಕು ಎಂಬುದನ್ನೂ ಅಲ್ಲಿ ಲೆಕ್ಕ ಹಾಕಿದ್ದಾರೆ. ಹೆಚ್ಚು ಹೊತ್ತು ಇದ್ದವರಿಗೆ ಹೆಚ್ಚು ಫಲ ಎಂಬ ಮಾತು ಅಲ್ಲಿಲ್ಲ. ಪಾರಣೆಯ ಹೊತ್ತು ಮೀರಿಸುವುದು ದೋಷವೇ. ಆ್ಯಪ್‌ನಲ್ಲಾದರೋ ಗುರಿ ದಾಟಿದ ಮೇಲೂ ಅಂಕಿ ಓಡುತ್ತಲೇ ಇರುತ್ತದೆ, ಹೆಚ್ಚುವರಿ ಗಂಟೆಗೆ ಬೇರೆ ಬಣ್ಣ, ಬೇರೆ ಹೊಗಳಿಕೆ. ಇದೇ ನನ್ನ ಮುಖ್ಯ ಆಕ್ಷೇಪ: ಈ ಆ್ಯಪ್‌ಗೆ ಉಪವಾಸದ ನಡುವಿನ ದಿನ ಮಾತ್ರ ಕಾಣುತ್ತದೆ, ಅದರ ಹಿಂದಿನ ದಿನವೂ ಮುಂದಿನ ದಿನವೂ ಕಾಣುವುದಿಲ್ಲ. ವ್ಯಾಯಾಮ ಮಾಡುವವರಿಗೆ ಸೋಲು ಗೆಲುವು ಇರುವುದು ಆ ಎರಡು ದಿನಗಳಲ್ಲೇ.

ದಶಮಿಯನ್ನೇ ತೆಗೆದುಕೊಳ್ಳಿ. ಈಗ ನನ್ನ ವಾರದ ಅತ್ಯಂತ ಉದ್ದದ ಓಟವನ್ನಾಗಲೀ ಭಾರ ಎತ್ತುವುದನ್ನಾಗಲೀ ದಶಮಿಯ ಬೆಳಗ್ಗೆಯೇ ಮುಗಿಸುತ್ತೇನೆ. ಆಮೇಲೆ ಮಧ್ಯಾಹ್ನ ಹೊಟ್ಟೆ ತುಂಬ ಊಟ: ಅನ್ನ, ಕಾಳು ಹಾಕಿದ ಹುಳಿ, ಪಲ್ಯ, ಗಟ್ಟಿ ಮೊಸರು. ಮೊದಲೆಲ್ಲ ರಾತ್ರಿ ಊಟವಿಲ್ಲವಲ್ಲ ಎಂದು ಕಚೇರಿಯಲ್ಲಿ ಡಬ್ಬಿ ಅರ್ಧ ತಿಂದು, ಸಂಜೆ ಜಿಮ್‌ಗೆ ಹೋಗಿ ಬಂದು, ಮರುದಿನ ಹನ್ನೊಂದು ಗಂಟೆಗೇ ಸುಸ್ತಾಗಿ ಕೂರುತ್ತಿದ್ದೆ. ಸಂಜೆಯ ಜಿಮ್ ಬೆಳಗ್ಗೆಗೆ ಬಂದದ್ದರಿಂದ ಆದಷ್ಟು ಲಾಭ ಆ್ಯಪ್‌ನ ಯಾವ ಸಲಹೆಯಿಂದಲೂ ಆಗಲಿಲ್ಲ. ದಶಮಿಯಂದೇ ಕಾಫಿಯನ್ನು ಮೂರು ಲೋಟದಿಂದ ಒಂದಕ್ಕೆ ಇಳಿಸುತ್ತೇನೆ. ಏಕಾದಶಿಯ ಮಧ್ಯಾಹ್ನ ಬರುತ್ತಿದ್ದ ತಲೆನೋವು ಹಸಿವಿನದಲ್ಲ, ಕಾಫಿ ತಪ್ಪಿದ್ದರದು ಎಂದು ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು. ಹಾಲಿಲ್ಲದ ಕಾಫಿ ಕುಡಿಯಬಹುದು ಎಂದು ಆ್ಯಪ್ ಹೇಳುತ್ತದೆ; ಏಕಾದಶಿಯಂದು ನಮ್ಮಲ್ಲಿ ಅದಿಲ್ಲ, ಹಾಲಿಲ್ಲದ ಫಿಲ್ಟರ್ ಕಾಫಿ ನನ್ನ ಗಂಟಲಿಗೆ ಇಳಿಯುವುದೂ ಇಲ್ಲ.

ಏಕಾದಶಿಯ ಬೆಳಗ್ಗೆ ಆರೂವರೆಗೆ 17 ಗಂಟೆ ಆಗಿರುತ್ತದೆ. ಆಗ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡಿಗೆ, ಮನಸ್ಸಾದರೆ ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ. ಸಂಜೆಗೆ 29 ಗಂಟೆ. ಹಿಂದೊಮ್ಮೆ ಆ ಹೊತ್ತಿನಲ್ಲಿ ಓಡಿ ನೋಡಿದಾಗ ಅದೇ ವೇಗಕ್ಕೆ ನಾಡಿ ನಿಮಿಷಕ್ಕೆ ಎಂಟು ಹತ್ತು ಬಡಿತ ಹೆಚ್ಚಾಗಿತ್ತು, ಆ ರಾತ್ರಿ ನಿದ್ದೆಯೂ ಕೆಟ್ಟಿತು. ಹಾಗಾಗಿ ಸಂಜೆ ಮನೆಯ ಮುಂದಿನ ರಸ್ತೆಯಲ್ಲಿ ಹತ್ತು ನಿಮಿಷ ಅಡ್ಡಾಡುವುದಷ್ಟೇ. ನೀರಿನ ವಿಷಯವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಊಟ ನಿಂತು ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಉಪ್ಪನ್ನು ಹೆಚ್ಚಾಗಿ ಹೊರಹಾಕುತ್ತವೆ, ಅದರ ಹಿಂದೆ ನೀರೂ ಹೋಗುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲಾಗುವುದಕ್ಕೆ ಇದು ದೊಡ್ಡ ಕಾರಣ. ಆ್ಯಪ್‌ನಲ್ಲಿ ನೀರಿನ ಲೋಟ ಎಣಿಸುವ ಪುಟವಿದೆ, ಉಪ್ಪಿನ ಮಾತಿಲ್ಲ. ನಾನು ಇಡೀ ದಿನಕ್ಕೆ ಅರ್ಧ ಚಮಚ, ಎಂದರೆ ಹೆಚ್ಚುಕಡಿಮೆ 3 ಗ್ರಾಂ ಉಪ್ಪನ್ನು ನೀರಿನ ಬಾಟಲಿಗಳಿಗೆ ಹಂಚಿ ಹಾಕಿಕೊಳ್ಳುತ್ತೇನೆ. ದಿನಕ್ಕೆ 5 ಗ್ರಾಂ ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಅದು ಬರುತ್ತದೆ. ರಕ್ತದೊತ್ತಡ ಇರುವವರು ಇದನ್ನು ವೈದ್ಯರನ್ನು ಕೇಳದೆ ಅನುಸರಿಸಬಾರದು.

ಬೆಟ್ಟದ ಘಟನೆಯ ಮೇಲೆ ಓಡುವ ಚೀಲದಲ್ಲಿ ಒಂದು ಓಆರ್‌ಎಸ್ ಪೊಟ್ಟಣ ಸದಾ ಇರುತ್ತದೆ. ಒಂದು ಲೀಟರ್ ನೀರಿಗೆ 20.5 ಗ್ರಾಂ ಬರುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನೇ ಕೇಳಿ ಪಡೆಯಬೇಕು. ಅದರಲ್ಲಿ 13.5 ಗ್ರಾಂ ಗ್ಲೂಕೋಸ್ ಇರುವುದರಿಂದ ಉಪವಾಸ ಮುರಿಯುತ್ತದೆ. ತಲೆಸುತ್ತು ಬಂದಾಗ ಮುರಿಯಬೇಕಾದದ್ದೂ ಹೌದು. ಹೆಸರಿನಲ್ಲಿ ಓಆರ್‌ಎಸ್ ಎಂದಿಟ್ಟುಕೊಂಡು ಸಕ್ಕರೆ ನೀರಿನಂಥ ಪಾನೀಯ ಮಾರುವುದನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ತಡೆದಿದೆ. ಹಾಗಿದ್ದರೂ ಪೊಟ್ಟಣದ ಹಿಂಬದಿ ಓದಿಯೇ ಕೊಳ್ಳುವುದು ಒಳ್ಳೆಯದು.

ದ್ವಾದಶಿಯ ಬೆಳಗ್ಗೆ ಆ್ಯಪ್ ಬಣ್ಣದ ಚೂರುಗಳನ್ನು ಪರದೆಯ ತುಂಬ ಎರಚಿ ಅಭಿನಂದಿಸುತ್ತದೆ. ಆಮೇಲೆ ಮೌನ. ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಮತ್ತೆ ಯಾವಾಗ ಓಡಬೇಕು, ಒಂದು ಮಾತಿಲ್ಲ. ನಮ್ಮ ಅಡುಗೆಮನೆಯಲ್ಲಿ ಆ ಹೊತ್ತಿಗೆ ಬೆಳ್ತಿಗೆ ಅನ್ನ, ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಸಿದ್ಧವಾಗಿರುತ್ತವೆ. ಅತ್ತೆ ನಾಲ್ಕೂವರೆಗೇ ಎದ್ದು ಸೊಪ್ಪು ಬಿಡಿಸಿರುತ್ತಾರೆ. ಅಗಸೆಯ ಸಣ್ಣ ಎಲೆಗಳನ್ನು ಕಡ್ಡಿಯಿಂದ ಎರಡು ಬೆರಳಲ್ಲಿ ಹಿಂದಕ್ಕೆ ಸೆಳೆದು ಉದುರಿಸುವ ಸರ್‌ ಸರ್‌ ಸದ್ದಿಗೇ ನನಗೆ ಎಚ್ಚರವಾಗುವುದುಂಟು. ಖಾರವಿಲ್ಲ, ಕರಿದದ್ದಿಲ್ಲ, ಹುಳಿಗೆ ಹುಣಸೆಯ ಬದಲು ನೆಲ್ಲಿಕಾಯಿ. ನಾನು ಬಡಿಸಿದ್ದರಲ್ಲಿ ಅರ್ಧ ಉಂಡು, ಎರಡು ಗಂಟೆ ಬಿಟ್ಟು ಉಳಿದರ್ಧ ಉಣ್ಣುತ್ತೇನೆ. ಒಮ್ಮೆ ಕಚೇರಿಗೆ ಹೊತ್ತಾಯಿತೆಂದು ಪಾರಣೆ ತಪ್ಪಿಸಿ, ದಾರಿಯಲ್ಲಿ ಮಸಾಲೆ ದೋಸೆ ತಿಂದು ಹೋಗಿ, ಮಧ್ಯಾಹ್ನದ ತನಕ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ದ್ವಾದಶಿಯಂದು ಈಗ ಓಟವಿಲ್ಲ. ಎರಡು ಊಟ ಸೇರಿದ ಮೇಲೆ ಸಂಜೆ ಹಗುರಾದ ಆಸನಗಳು. ಜೋರಿನ ವ್ಯಾಯಾಮ ತ್ರಯೋದಶಿಯ ಬೆಳಗ್ಗೆ. ಹೀಗೆ ಹೊಂದಿಸಿದ ಮೇಲಿನ ಹತ್ತು ಏಕಾದಶಿಗಳಲ್ಲಿ ತ್ರಯೋದಶಿಯ ಓಟ ಎರಡೇ ಸಲ ಕೆಟ್ಟಿದೆ. ಅದಕ್ಕೆ ಮೊದಲು ಕೆಡದ ದಿನಗಳನ್ನೇ ಹುಡುಕಬೇಕಿತ್ತು.

ತೂಕದ ನಕ್ಷೆಯ ಬಗ್ಗೆಯೂ ಎರಡು ಮಾತು. 41 ಗಂಟೆಗಳಲ್ಲಿ ನನ್ನ ತೂಕ ಸರಾಸರಿ ಒಂದೂವರೆ ಕಿಲೋ ಇಳಿಯುತ್ತದೆ, ಆ್ಯಪ್ ಹಸಿರು ಬಾಣ ತೋರಿಸಿ ಸಂಭ್ರಮಿಸುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೋದದ್ದರಲ್ಲಿ ಬಹುಪಾಲು ಅದು. ತ್ರಯೋದಶಿಯ ಹೊತ್ತಿಗೆ ಒಂದೂಕಾಲು ಕಿಲೋ ವಾಪಸು ಬಂದಿರುತ್ತದೆ, ಆಗ ಕೆಂಪು ಬಾಣ. ಈ ಕೆಂಪು ಬಾಣ ನೋಡಿ ಊಟ ಕಡಿಮೆ ಮಾಡುವವರು ತಮ್ಮ ಸ್ನಾಯುವನ್ನು ಕಳೆದುಕೊಳ್ಳುತ್ತಾರೆ. ದಿನದ ಊಟವನ್ನು ಎಂಟು ಗಂಟೆಯೊಳಗೆ ಸೇರಿಸುವ ಪದ್ಧತಿಯನ್ನು ಅಮೆರಿಕದಲ್ಲಿ 116 ಜನರ ಮೇಲೆ 12 ವಾರ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಹೊತ್ತು ಉಂಡವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ತೂಕ ಇಳಿಯಲಿಲ್ಲ. ತೂಕಕ್ಕಾಗಿ ಈ ಆ್ಯಪ್ ಕೊಳ್ಳುವವರು ಇದನ್ನು ತಿಳಿದಿರಬೇಕು. ನಾನಂತೂ ತೂಕದ ಪುಟವನ್ನು ಮುಚ್ಚಿಟ್ಟಿದ್ದೇನೆ.

ಹೆಂಗಸರ ದೇಹ ಈ ಆ್ಯಪ್ ಮಾಡಿದವರ ಗಮನಕ್ಕೆ ಬಂದೇ ಇಲ್ಲವೇನೋ ಎಂದು ನನಗೆ ಹಲವು ಬಾರಿ ಅನ್ನಿಸಿದೆ. ಖಾತೆ ತೆರೆಯುವಾಗ ಹೆಣ್ಣು ಎಂದು ಗುರುತು ಹಾಕಿಸಿಕೊಳ್ಳುತ್ತದೆ, ಆಮೇಲೆ ಆ ಗುರುತು ಎಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ. ದೀರ್ಘ ಉಪವಾಸದಲ್ಲಿ ಹೆಂಗಸರ ರಕ್ತದ ಸಕ್ಕರೆ ಗಂಡಸರದಕ್ಕಿಂತ ಕೆಳಗೆ ಇಳಿಯುತ್ತದೆ ಎಂಬುದು 1970ರ ದಶಕದಿಂದ ವೈದ್ಯಲೋಕಕ್ಕೆ ಗೊತ್ತಿರುವ ವಿಷಯ. ನನ್ನ ಎಕ್ಸೆಲ್ ಹಾಳೆಯಲ್ಲಿ ನಡುವೆ ಬಿಟ್ಟ 5 ಏಕಾದಶಿಗಳ ಪೈಕಿ 4 ಮುಟ್ಟಿಗೆ ಮುಂಚಿನ ವಾರದಲ್ಲಿ ಬಂದಂಥವು. ಇದನ್ನು ಕಂಡುಕೊಂಡದ್ದು ನಾನು, ತಾರೀಖುಗಳನ್ನು ಪಕ್ಕದ ಕಾಲಂನಲ್ಲಿ ಕೈಯಾರೆ ಬರೆದು. ಚಂದಾದಾರರಿಗೆಂದು ಇರುವ ಸಲಹೆಗಾರ ಚಾಟ್‌ನಲ್ಲಿ ಈ ಕುರಿತು ಕೇಳಿದರೆ, ನಿಮ್ಮ ದೇಹದ ಮಾತು ಕೇಳಿ, ನೀರು ಕುಡಿಯಿರಿ ಎಂಬ ಉತ್ತರ ಬಂತು. ಆ ವಾರದಲ್ಲಿ ಏಕಾದಶಿ ಬಂದರೆ ನಾನು ಈಗ ಹಣ್ಣು, ಹಾಲು ತೆಗೆದುಕೊಂಡೇ ಇರುತ್ತೇನೆ. ಅತ್ತೆಯವರಿಗೂ ಅದು ಒಪ್ಪಿಗೆ.

ದಿನನಿತ್ಯದ ಬದುಕಿಗೆ ಹೊಂದಿಸುವುದರಲ್ಲಿ ನನಗೆ ಕಷ್ಟವಾದದ್ದು ಅಡುಗೆ. ಏಕಾದಶಿಯಂದು ದೊಡ್ಡವರಿಗೆ ಒಲೆ ಹಚ್ಚದಿದ್ದರೂ ಮಕ್ಕಳಿಗೆ ರಾತ್ರಿ ಎಂಟಕ್ಕೆ ಗೋಧಿ ರವೆಯ ಉಪ್ಪಿಟ್ಟೋ ಸಾಬಕ್ಕಿಯೋ ಆಗಬೇಕು. ಒಗ್ಗರಣೆಯ ಘಮ ಮೂಗಿಗೆ ಬಡಿಯುವ ಆ ಹತ್ತು ನಿಮಿಷ 31ನೆಯ ಗಂಟೆಯಲ್ಲಿ ಬರುತ್ತದೆ, ಇಡೀ ಉಪವಾಸದಲ್ಲಿ ಅದಕ್ಕಿಂತ ಕಠಿಣವಾದ ಹೊತ್ತು ನನಗಿಲ್ಲ. ಉಪ್ಪು ನೋಡಲು ನಾಲಿಗೆಗೆ ಹಾಕಿಕೊಂಡರೆ ಉಪವಾಸ ಮುರಿಯಿತೇ ಎಂದು ಆ್ಯಪ್‌ನ ಪ್ರಶ್ನೋತ್ತರದಲ್ಲಿ ಹುಡುಕಿದ್ದೆ, ಸಿಗಲಿಲ್ಲ. ನೈವೇದ್ಯಕ್ಕೆ ಮುನ್ನ ರುಚಿ ನೋಡುವ ಪದ್ಧತಿಯೇ ಇಲ್ಲದ ಈ ಮನೆಯಲ್ಲಿ ಅತ್ತೆ ಐವತ್ತು ವರ್ಷ ಕೈ ಅಂದಾಜಿನಲ್ಲೇ ಉಪ್ಪು ಹಾಕಿದ್ದಾರೆ. ಅವರ ಪಕ್ಕ ನಿಂತು ಪಾವು ರವೆಗೆ ಎಷ್ಟು ಎಂದು ಅಳೆದು ಬರೆದುಕೊಂಡೆ. ಆ ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಆ್ಯಪ್‌ನ ಪ್ರೋತ್ಸಾಹದ ಸಂದೇಶಗಳನ್ನು ನಿಲ್ಲಿಸಿದ್ದೂ ನೆಮ್ಮದಿ ತಂದಿದೆ. ಕಚೇರಿ ಅಷ್ಟೇನೂ ತೊಂದರೆಯಲ್ಲ. ಏಕಾದಶಿ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನ ಮಾತ್ರ 24 ಗಂಟೆ ದಾಟಿದ ಮೇಲೆ ಅಂಕಿಗಳನ್ನು ಎರಡೆರಡು ಸಲ ನೋಡುತ್ತೇನೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಈ ಆ್ಯಪ್‌ನಲ್ಲಿ 72 ಗಂಟೆಯ, ಐದು ದಿನದ ಉಪವಾಸಗಳನ್ನೂ ಒಂದೇ ಒತ್ತಿಗೆ ಆರಂಭಿಸಬಹುದು. ಮಧುಮೇಹದ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುತ್ತೀರಾ, ಬಸುರಿಯೇ, ಎದೆಹಾಲು ಕುಡಿಸುತ್ತಿದ್ದೀರಾ, ವಯಸ್ಸು 18 ದಾಟಿದೆಯೇ, ಹಿಂದೆ ಊಟದ ವಿಷಯದಲ್ಲಿ ಮಾನಸಿಕ ಕಾಯಿಲೆ ಇತ್ತೇ ಎಂಬ ಪ್ರಶ್ನೆಗಳು ಆರಂಭಕ್ಕೆ ಮುನ್ನ ಬರುವುದೇ ಇಲ್ಲ; ವೈದ್ಯರನ್ನು ಕೇಳಿ ಎಂಬ ಒಂದು ಸಾಲು ನಿಯಮಗಳ ಪುಟದ ತಳದಲ್ಲಿದೆ. ಐದು ದಿನಕ್ಕಿಂತ ಹೆಚ್ಚು ಕಾಲ ಏನೂ ತಿನ್ನದವರು ಒಮ್ಮೆಲೇ ಊಟ ಮಾಡಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯ ಬರಬಹುದು, ಅದಕ್ಕೆಂದೇ ಆಸ್ಪತ್ರೆಗಳಲ್ಲಿ ಅಂಥವರಿಗೆ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಆರಂಭಿಸುತ್ತಾರೆ. ಆ್ಯಪ್‌ನ ಲೇಖನ ವಿಭಾಗದಲ್ಲಿ ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ 1965ರಿಂದ 66ರ ತನಕ 382 ದಿನ ಉಪವಾಸವಿದ್ದು 207 ಕಿಲೋದಿಂದ 82 ಕಿಲೋಗೆ ಇಳಿದ ಕಥೆಯನ್ನು ಸ್ಫೂರ್ತಿಗೆಂದು ಹಾಕಿದ್ದಾರೆ. ಡಂಡೀ ನಗರದ ವೈದ್ಯರು ಆತನನ್ನು ಉದ್ದಕ್ಕೂ ಪರೀಕ್ಷಿಸುತ್ತಿದ್ದರು, ವಿಟಮಿನ್ನುಗಳನ್ನೂ, ಬೇಕಾದಾಗ ಪೊಟ್ಯಾಸಿಯಂ ಮತ್ತು ಸೋಡಿಯಂ ಅನ್ನೂ ಕೊಡುತ್ತಿದ್ದರು ಎಂಬ ಭಾಗ ಆ ಲೇಖನದಲ್ಲಿ ಇಲ್ಲ. ಕಾಲೇಜು ಓದುವ ನನ್ನ ಮಗಳ ಫೋನಿನಲ್ಲೂ ಇದು ಇಳಿಸಿಕೊಳ್ಳಲು ಸಿಗುತ್ತದೆ ಎಂದು ನೆನೆದಾಗ ನನಗೆ ನಿಜವಾಗಿ ಭಯವಾಗುತ್ತದೆ.

ಚಂದಾವನ್ನು ನಾನು ಮುಂದುವರಿಸಿಲ್ಲ. ಆ್ಯಪ್ ಅಳಿಸಿದರೆ ಚಂದಾ ತಾನಾಗಿ ನಿಲ್ಲುವುದಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು. ಪ್ಲೇ ಸ್ಟೋರ್‌ನ ಚಂದಾ ಪಟ್ಟಿಗೆ ಹೋಗಿ ಅಲ್ಲಿಯೇ ರದ್ದುಪಡಿಸಬೇಕು. ಉಚಿತ ಆವೃತ್ತಿಯ ಎಣಿಕೆ, ತಿದ್ದುವ ಸೌಲಭ್ಯ, ಕಡತ ಇಳಿಸಿಕೊಳ್ಳುವ ಸೌಲಭ್ಯ ಮೂರೂ ಹಾಗೆಯೇ ಇರುವುದರಿಂದ ಅದನ್ನು ಇಟ್ಟುಕೊಂಡಿದ್ದೇನೆ, ಲೆಕ್ಕ ಬೇಕೆನ್ನುವ ಯಾರಿಗಾದರೂ ಅಷ್ಟನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಸಂದೇಶಗಳು, ಸಾಲು ಎಣಿಕೆ, ಪದಕ, ತೂಕದ ಪುಟ, ನಾಲ್ಕನ್ನೂ ಮೊದಲ ದಿನವೇ ನಿಲ್ಲಿಸಿಕೊಳ್ಳಿ. ಗುರಿಯ ಜಾಗದಲ್ಲಿ ಗಂಟೆಯ ಅಂಕಿಯ ಬದಲು ನಾನು ಈಗ ಪಂಚಾಂಗದಲ್ಲಿರುವ ಪಾರಣೆಯ ಸಮಯಕ್ಕೆ ಸರಿಹೊಂದುವಂತೆ ಲೆಕ್ಕ ಹಾಕಿ ಬರೆಯುತ್ತೇನೆ. ಈ ಬಾರಿ ಅದು 40 ಗಂಟೆ 50 ನಿಮಿಷ ಬಂದಿದೆ. ದಶಮಿಯ ಬೆಳಗ್ಗೆಗೆ 12 ಕಿಲೋಮೀಟರ್ ಓಟ, ತ್ರಯೋದಶಿಗೆ ಜಿಮ್ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಗಿದೆ. ಅಗಸೆ ಸೊಪ್ಪಿಗೆ ದೇವರಾಜ ಮಾರುಕಟ್ಟೆಗೆ ಹಿಂದಿನ ಸಂಜೆಯೇ ಹೋಗಿ ಬರಬೇಕು.